ಮನೆಗೊಂದು ಸರ್ವರ್: ದುಡ್ಡು ಹಾಕಬೇಕಾದ್ದು ಡಿಸ್ಕಿಗೆ

ತೀರ್ಥಹಳ್ಳಿ ಕಡೆಯ ಪರಿಚಯದವರೊಬ್ಬರು ಮನೆಗೆ ಸರ್ವರ್ ಕಟ್ಟಿಕೊಂಡರು, ಅಂದರೆ ಮನೆಮಂದಿಯ ಫೋಟೊ, ಫೈಲುಗಳನ್ನೆಲ್ಲ ಇಟ್ಟುಕೊಂಡು ಸದಾ ಓಡುತ್ತಿರುವ ಕಂಪ್ಯೂಟರ್. ಹೊಸ ಐ7 ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು, ಬಣ್ಣದ ಲೈಟು ಮಿನುಗುವ ಫ್ಯಾನು. ಅಷ್ಟಕ್ಕೇ ದುಡ್ಡು ಖಾಲಿ. ಡಿಸ್ಕ್ ಮಾತ್ರ ಹಳೇ ಸಿಸಿಟಿವಿ ಪೆಟ್ಟಿಗೆಯಿಂದ ಬಿಚ್ಚಿದ್ದು. ಮಳೆಗಾಲ ಮುಗಿಯುವುದರೊಳಗೆ ಮಕ್ಕಳ ಫೋಟೊ, ಯಕ್ಷಗಾನದ ರೆಕಾರ್ಡಿಂಗ್ ಎಲ್ಲ ಹೋಯಿತು. ಲೈಟು ಈಗಲೂ ಮಿನುಗುತ್ತಿದೆ.

ಇಂಥ ನಾಲ್ಕೈದು ಕೇಸು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪೆಟ್ಟಿಗೆ

ಹೊಸದು ಬೇಡವೇ ಬೇಡ. ಆಫೀಸಿನವರು ಬಳಸಿ ಮಾರಿದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್, ಯಾವುದಾದರೂ ಸರಿ. ಇಂಟೆಲ್ 7ನೇ ತಲೆಮಾರಿನ ಐ5 ಧಾರಾಳವಾಗಿ ಸಾಕು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್‌ನಲ್ಲಿ ನಿಂತಿತು. ಈ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಹಾಗಾಗಿ ಆಫೀಸಿನವರಿಗೆ ಇವು ಬೇಡ. ನಾವು ಹಾಕುವುದು ಹೇಗೂ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್, ಅಲ್ವಾ?

ಅಂಗೈಯಗಲದ ಪುಟಾಣಿ ಮಾಡೆಲ್‌ಗೆ ಮಾತ್ರ ಮರುಳಾಗಬೇಡಿ. ಅದರೊಳಗೆ 3.5 ಇಂಚಿನ ಡಿಸ್ಕ್ ಹಿಡಿಯುವುದಿಲ್ಲ. ಆಮೇಲೆ ಯುಎಸ್‌ಬಿ ವೈರಿನಲ್ಲಿ ನೇತುಹಾಕುತ್ತೀರಿ, ಕಸ ಗುಡಿಸುವಾಗ ಅದು ಕಳಚುತ್ತದೆ. ಅಂಗಡಿಯಲ್ಲೇ ಮುಚ್ಚಳ ತೆಗೆಸಿ, ಡಿಸ್ಕಿಗೆ ಜಾಗವೂ ವೈರೂ ಇದೆಯಾ ನೋಡಿ.

ರ್‍ಯಾಮ್ 8 ಜಿಬಿ, ಆಪರೇಟಿಂಗ್ ಸಿಸ್ಟಮ್‌ಗೆ 256 ಜಿಬಿ ಎಸ್‌ಎಸ್‌ಡಿ. ಮುಗಿಯಿತು. ಗ್ರಾಫಿಕ್ಸ್ ಕಾರ್ಡು ಬೇಡ.

ಈಗ ಡಿಸ್ಕ್

ಎಲ್ಲರೂ ಎಡವುವುದು ಇಲ್ಲೇ. ಅಂಗಡಿಯವರು "4 ಟಿಬಿ ಸಾರ್, ಎಲ್ಲಾ ಒಂದೇ" ಅನ್ನುತ್ತಾರೆ. ಒಂದೇ ಅಲ್ಲ.

ಹಾರ್ಡ್ ಡಿಸ್ಕಿನಲ್ಲಿ ಎರಡು ಜಾತಿ: ಸಿಎಂಆರ್ ಮತ್ತು ಎಸ್‌ಎಂಆರ್. ಮೊದಲನೆಯದರಲ್ಲಿ ಮಾಹಿತಿಯ ಗೆರೆಗಳು ಬೇರೆ ಬೇರೆಯಾಗಿ ಇರುತ್ತವೆ. ಎರಡನೆಯದರಲ್ಲಿ ನಮ್ಮ ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಅದರ ಇಂಗ್ಲಿಷ್ ಹೆಸರು ಹುಟ್ಟಿದ್ದೂ ಹೆಂಚಿನ ಥರದ ಹೊದಿಕೆಯಿಂದಲೇ. ಮಾಡಿನ ನಡುವಿನ ಒಂದು ಹೆಂಚು ಒಡೆದರೆ ಏನು ಮಾಡುತ್ತೀರಿ? ಅಕ್ಕಪಕ್ಕದ್ದನ್ನೂ ಎತ್ತಬೇಕು. ಹಾಗೆಯೇ ಎಸ್‌ಎಂಆರ್ ಡಿಸ್ಕಿನ ಮಧ್ಯೆ ಒಂಚೂರು ಬದಲಿಸಬೇಕಾದರೂ ಅದರ ಮೇಲೆ ಹತ್ತಿ ಕೂತ ಒಂದು ಪಟ್ಟಿಯನ್ನೇ ಮತ್ತೆ ಬರೆಯಬೇಕು. ಫೋಟೊ ತುಂಬಲು ಶುರು ಮಾಡಿದಾಗ ಚುರುಕಾಗಿ ಓಡುತ್ತದೆ, ಸ್ವಲ್ಪ ಹೊತ್ತಿಗೆ ಗಾಡಿ ಘಾಟಿ ಹತ್ತಿದ ಹಾಗೆ ಏದುಸಿರು ಬಿಡುತ್ತದೆ. ಒಂದೆರಡು ಸಲ ಬರೆದು ಎತ್ತಿಡುವುದಕ್ಕೆ ಅದು ಪರವಾಗಿಲ್ಲ. ದಿನವೂ ಬರೆಯುವ ಸರ್ವರ್‌ಗೆ ತರಬೇಡಿ.

ಹೆಸರು ನೋಡಿ ನಂಬುವ ಹಾಗೂ ಇಲ್ಲ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ ಕೆಲವು ಡಿಸ್ಕುಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಗಿ ದೊಡ್ಡ ಗಲಾಟೆಯಾಯಿತು. ಆಮೇಲೆ ಸಿಎಂಆರ್ ಇರುವುದಕ್ಕೆ ರೆಡ್ ಪ್ಲಸ್ ಎಂದು ಬೇರೆ ಹೆಸರಿಟ್ಟರು. ನೀವು ರೆಡ್ ಪ್ಲಸ್ ಅಥವಾ ಸೀಗೇಟ್ ಐರನ್‌ವುಲ್ಫ್ ಕೇಳಿ. ಬೇರೆ ಯಾವುದೇ ಆದರೂ ಮಾಡೆಲ್ ನಂಬರ್ ಬರೆದುಕೊಂಡು, ಕಂಪನಿಯ ಪಟ್ಟಿಯಲ್ಲಿ ನೋಡಿ, ಆಮೇಲೆ ದುಡ್ಡು ಕೊಡಿ.

ಹಳೆಯ ಡಿಸ್ಕ್ ಕೊಳ್ಳಲೇಬೇಕಾದರೆ ಸ್ಮಾರ್ಟ್ ವರದಿ ತೆಗೆಸಿ, ಅದು ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ. ಅದರಲ್ಲಿ 5 ಮತ್ತು 197 ಎಂಬ ನಂಬರಿನ ಸಾಲುಗಳು ಡಿಸ್ಕಿನ ಕೆಟ್ಟ ಜಾಗಗಳದ್ದು, ಅವುಗಳ ಕೊನೆಯ ಲೆಕ್ಕ ಸೊನ್ನೆ ಇರಬೇಕು. ಒಂದೇ ಒಂದು ಇದ್ದರೂ ವಾಪಸ್ ಕೊಡಿ. ಹೊಸದನ್ನೂ ಒಮ್ಮೆ ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿ, ಆಮೇಲೆ ಫೋಟೊ ಹಾಕಿ. ಇನ್ನು ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಗೆ "2 ಟಿಬಿ" ಎಂದು ಬರುವ ಪೆನ್‌ಡ್ರೈವ್ ಇದೆಯಲ್ಲ, ಅದು ಸುಮ್ನೆ ಮೋಸ.

ಎರಡನೇ ಡಿಸ್ಕ್ ತಗೊಂಡು ಅದೇ ಪೆಟ್ಟಿಗೆಯಲ್ಲಿ ಮೊದಲನೆಯದರ ಕನ್ನಡಿಯ ಹಾಗೆ, ಬರೆದದ್ದೆಲ್ಲ ಎರಡರಲ್ಲೂ ಬೀಳುವಂತೆ ಜೋಡಿಸಿ, ಬ್ಯಾಕಪ್ ಆಯಿತು ಎಂದು ನಿದ್ದೆ ಮಾಡುವವರಿದ್ದಾರೆ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ನನ್ನ ಎರಡನೇ ಡಿಸ್ಕ್ ಸಾಗರದಲ್ಲಿ ತಂಗಿಯ ಮನೆಯ ಬೀರುವಿನಲ್ಲಿದೆ. ಹಬ್ಬಕ್ಕೆ ಹೋದಾಗ ತಂದು, ಕಾಪಿ ಮಾಡಿ, ಮುಂದಿನ ಹಬ್ಬಕ್ಕೆ ಕೊಟ್ಟು ಬರುತ್ತೇನೆ.

ಕರೆಂಟು

ಶರಾವತಿಯಿಂದ ನಾಡಿಗೆಲ್ಲ ಕರೆಂಟು ಕೊಟ್ಟವರು ನಾವು. ಜೂನ್ ಬಂದರೆ ಮರ ಬಿದ್ದು ನಮ್ಮನೆಯದೇ ಇರುವುದಿಲ್ಲ. ಯುಪಿಎಸ್ ಬೇಕೇ ಬೇಕು. 600 ವಿಎ ಸಾಕು. ಆದರೆ ಹಿಂಬದಿಯಲ್ಲಿ ಯುಎಸ್‌ಬಿ ಪೋರ್ಟ್ ಇರುವುದನ್ನೇ ತನ್ನಿ, ಅಗ್ಗದವುಗಳಲ್ಲಿ ಅದು ಇರುವುದಿಲ್ಲ. ಅದಿದ್ದರೆ ಬ್ಯಾಟರಿ ಇಳಿಯುತ್ತಿದೆ ಎಂದು ಸರ್ವರ್‌ಗೆ ತಿಳಿಯುತ್ತದೆ, ತಾನೇ ಸರಿಯಾಗಿ ಆಫ್ ಆಗುತ್ತದೆ. "ಇನ್ವರ್ಟರ್ ಇದೆಯಲ್ಲ" ಅನ್ನಬೇಡಿ. ಕರೆಂಟು ಹೋಗಿ ಸಾದಾ ಇನ್ವರ್ಟರ್ ಶುರುವಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ಹಳೇ ಮನೆಗಳಲ್ಲಿ ಸಾಕೆಟ್ಟಿನ ಮೂರನೇ ತೂತು ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಯುಪಿಎಸ್ ತಡೆಯೊಡ್ಡುವುದಿಲ್ಲ, ಪ್ಲಗ್ ಕಿತ್ತಿಡಿ. ರೂಟರಿನ ಪ್ಲಗ್ಗೂ ಕೀಳಿ. ಫೈಬರ್ ಗಾಜಿನದಾದರೂ ಅಡಾಪ್ಟರ್ ಕರೆಂಟಿನದು, ಅಲ್ಲಿಂದ ಸಿಡಿಲಿನ ಹೊಡೆತ ರೂಟರನ್ನೂ ಸರ್ವರನ್ನೂ ಜೋಡಿಸುವ ಲ್ಯಾನ್ ವೈರಿನಲ್ಲಿ ಒಳಗೆ ಬರುತ್ತದೆ.

ಬಿಲ್ಲಿನ ಚಿಂತೆ ಜಾಸ್ತಿ ಬೇಡ. ಸರಾಸರಿ 20 ವಾಟ್ ಎಳೆದರೆ ತಿಂಗಳಿಗೆ 14.4 ಯೂನಿಟ್. ಗ್ರಾಫಿಕ್ಸ್ ಕಾರ್ಡ್ ಸೇರಿಸಿ 80 ವಾಟ್ ಮಾಡಿಕೊಂಡರೆ 57.6.

ಎಲ್ಲಿಡುವುದು?

ಅಡಿಕೆ ಮೂಟೆಯ ಅಟ್ಟದಲ್ಲಂತೂ ಬೇಡ, ಇಲಿ ವೈರು ಕಡಿಯುತ್ತದೆ. ಹಿಂಬದಿಯ ಖಾಲಿ ಕಿಂಡಿಗಳಿಗೆ ಪಟ್ಟಿ ಹಾಕಿಸಿ, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ. ಮಳೆಗಾಲದಲ್ಲಿ ಆಫ್ ಮಾಡಿ ಮೂಲೆಗಿಡುವುದಕ್ಕಿಂತ ಓಡುತ್ತಿದ್ದರೇ ಒಳ್ಳೆಯದು, ಆ ಬಿಸಿಗೆ ಥಂಡಿ ಹಿಡಿಯುವುದಿಲ್ಲ. ನಮ್ಮನೆಯ ಬೆಕ್ಕಿಗೂ ಇದು ಗೊತ್ತು, ಜುಲೈ ಪೂರ್ತಿ ಅದರ ಮೇಲೇ ಮಲಗುತ್ತದೆ. ಫ್ಯಾನಿನ ಕೂದಲು ವಾರಕ್ಕೊಮ್ಮೆ ತೆಗೆಯಬೇಕು.