ಲಾರಿಗೆ ಆಯಿಲ್ ಫಿಲ್ಟರ್ ಆರಿಸುವುದು ಹೇಗೆ? ವಾರಂಟಿ ಕೈತಪ್ಪದಿರಲು ಏನು ಮಾಡಬೇಕು?

ನಮ್ಮ ತಮ್ಮನ ಕ್ಯಾಂಟರ್ ಕೋಲಾರ ಎಪಿಎಂಸಿಯಿಂದ ಚೆನ್ನೈಗೆ ಟೊಮೆಟೊ ಲೋಡ್ ಹೊಡೆಯುತ್ತದೆ. ಗಾಡಿ ತೆಗೆದುಕೊಂಡ ಎರಡನೇ ವರ್ಷ, ಒಂದು ರಾತ್ರಿ ಮುಳಬಾಗಿಲು ದಾಟಿದ ಮೇಲೆ ಟರ್ಬೊ, ಅಂದರೆ ಎಂಜಿನ್‌ಗೆ ಗಾಳಿ ತುಂಬುವ ಭಾಗ, ಕಿರುಗುಟ್ಟಲು ಶುರುವಾಯಿತು. ವಾರಂಟಿ ಇನ್ನೂ ಇತ್ತು. ಧೈರ್ಯವಾಗಿ ಸರ್ವೀಸ್ ಸೆಂಟರ್‌ಗೆ ಬಿಟ್ಟೆವು. ಅವರು ಕೇಳಿದ್ದು ಒಂದೇ ಮಾತು: "ಹೋದ ಸಲ ಆಯಿಲ್, ಫಿಲ್ಟರ್ ಬದಲಿಸಿದ ಬಿಲ್ ಕೊಡಿ ಸಾರ್."

ತಮ್ಮನ ಹತ್ತಿರ ಇದ್ದದ್ದು ಒಂದು ತುಂಡು ಚೀಟಿ. 'ಫಿಲ್ಟರ್ 1, ಆಯಿಲ್' ಅಂತ ಅದರಲ್ಲಿ ಗೀಚಿತ್ತು, ಅಷ್ಟೇ. ತಾರೀಖಿಲ್ಲ, ಗಾಡಿ ನಂಬರಿಲ್ಲ, ಪಾರ್ಟ್ ನಂಬರಿಲ್ಲ. ಹಾಕಿದ್ದು ಒಳ್ಳೆಯ ಫಿಲ್ಟರೇ. ಅದನ್ನು ತೋರಿಸಲು ಕಾಗದ ಇರಲಿಲ್ಲ. ಟರ್ಬೊ ಖರ್ಚೆಲ್ಲ ನಮ್ಮ ತಲೆಗೇ ಬಂತು. ಅವತ್ತಿನಿಂದ ಫಿಲ್ಟರ್ ವಿಷಯದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪುಸ್ತಕ ಬಿಚ್ಚಿ

ಗಾಡಿ ಜೊತೆ ಕೊಟ್ಟ ವಾರಂಟಿ ಪುಸ್ತಕ ಎಷ್ಟೋ ಲಾರಿಗಳಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲೇ ಇರುತ್ತದೆ. ಅದನ್ನು ಈಗಲೇ ತೆಗೆದು ಮೂರು ವಿಷಯ ನೋಡಿ. ಆಯಿಲ್ ಮತ್ತು ಫಿಲ್ಟರ್ ಎಷ್ಟು ಕಿಲೋಮೀಟರ್‌ಗೆ ಅಥವಾ ಎಷ್ಟು ತಿಂಗಳಿಗೆ ಬದಲಿಸಬೇಕು? ಕಂಪನಿ ಬಾಕ್ಸಿನ ಫಿಲ್ಟರೇ ಆಗಬೇಕೋ, ಅದಕ್ಕೆ ಸಮನಾದದ್ದೂ ನಡೆಯುತ್ತದೋ? ಸರ್ವೀಸ್ ಅವರ ಸೆಂಟರ್‌ನಲ್ಲೇ ಮಾಡಿಸಬೇಕೋ?

ಕಿಲೋಮೀಟರ್ ಮತ್ತು ತಿಂಗಳು ಎರಡನ್ನೂ ಬರೆದಿದ್ದರೆ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಕೆಲವು ಗಾಡಿಗಳಿಗೆ ಎಂಜಿನ್ ಓಡಿದ ಗಂಟೆಗಳ ಲೆಕ್ಕವೂ ಇದೆ. ಮಾರ್ಕೆಟ್‌ನಲ್ಲಿ ಲೋಡಿಗೆ ಕಾಯುತ್ತಾ ಎಂಜಿನ್ ಆನ್ ಇಟ್ಟರೆ ಮೀಟರ್ ಓಡುವುದಿಲ್ಲ, ಆಯಿಲ್ ಮಾತ್ರ ಹಳತಾಗುತ್ತಲೇ ಇರುತ್ತದೆ. ಚಿಕ್ಕಬಳ್ಳಾಪುರದ ಕಡೆ ಕ್ರಷರ್ ಧೂಳಿನಲ್ಲಿ ಓಡುವ ಟಿಪ್ಪರ್‌ಗಳ ಮಾಲೀಕರು ಇದನ್ನು ಜಾಸ್ತಿ ಗಮನಿಸಬೇಕು. ಗಣಿ ಕೆಲಸದ ಗಾಡಿಗೆ ಬೇರೆಯೇ, ಕಡಿಮೆ ಅವಧಿ ಬರೆದಿದ್ದರೆ ನಿಮಗೆ ಅದೇ ಅನ್ವಯಿಸುತ್ತದೆ.

'ಹೊರಗಿನ ಫಿಲ್ಟರ್ ಹಾಕಿದರೂ ವಾರಂಟಿ ರದ್ದು ಮಾಡುವ ಹಾಗಿಲ್ಲ' ಅನ್ನುವ ವಿಡಿಯೊಗಳನ್ನು ನಂಬಿ ಹೋಗಬೇಡಿ. ಆ ಮಾತು ಬಂದದ್ದು ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯಿಂದ. ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಂದು ಆದೇಶ ಕೊಟ್ಟಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಅನ್ನುವ ಷರತ್ತು ಹಾಕಬಾರದು, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಗೆ ಮಾತ್ರ ವಾರಂಟಿ ನಿರಾಕರಿಸಬಹುದು ಅಂತ ಅದರಲ್ಲಿದೆ. ಒಳ್ಳೆಯ ಆದೇಶವೇ. ಆದರೆ ಅದು ಕಾರುಗಳ ಪ್ರಕರಣ. ಅದೊಂದನ್ನೇ ನೆಚ್ಚಿಕೊಂಡು ಲಾರಿಯ ಪುಸ್ತಕದಲ್ಲಿರುವ ಷರತ್ತು ಮುರಿಯಬೇಡಿ.

ಸೈಜ್ ನೋಡಬೇಡಿ, ನಂಬರ್ ನೋಡಿ

ಹಳೇ ಫಿಲ್ಟರ್ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ "ಇದೇ ತರಹದ್ದು ಕೊಡಿ" ಅನ್ನುತ್ತೇವೆ, ಅಲ್ವಾ? ಎಡವುವುದು ಅಲ್ಲೇ. ಥ್ರೆಡ್ ಕೂತು, ರಬ್ಬರ್ ಮುಚ್ಚಿಕೊಂಡ ಮಾತ್ರಕ್ಕೆ ಅದು ನಿಮ್ಮ ಎಂಜಿನ್ನಿನ ಫಿಲ್ಟರ್ ಆಗುವುದಿಲ್ಲ. ಒಳಗಿರುವುದು ಹೊರಗೆ ಕಾಣುವುದಿಲ್ಲ.

ಒಳಗೆ ಬೈಪಾಸ್ ವಾಲ್ವ್ ಇರುತ್ತದೆ. ಬೆಳಗಿನ ಜಾವದ ಚಳಿಯಲ್ಲಿ ಆಯಿಲ್ ಗಟ್ಟಿಯಾಗಿದ್ದರೆ, ಅಥವಾ ಫಿಲ್ಟರ್ ಕಟ್ಟಿಕೊಂಡಿದ್ದರೆ, ಈ ವಾಲ್ವ್ ತೆರೆದುಕೊಂಡು ಆಯಿಲನ್ನು ಸೋಸದೇ ಬಿಡುತ್ತದೆ. ಬೇರಿಂಗ್ ಒಣಗುವುದಕ್ಕಿಂತ ಕೊಳೆ ಆಯಿಲ್ ಸಿಕ್ಕಿದರೂ ವಾಸಿ ಅನ್ನುವ ಲೆಕ್ಕ. ಸ್ಪ್ರಿಂಗ್ ಸಡಿಲವಾಗಿದ್ದರೆ ವಾಲ್ವ್ ಯಾವಾಗಲೂ ತೆರೆದೇ ಇದ್ದು ಕೊಳೆ ಆಯಿಲ್ ಸುತ್ತುತ್ತದೆ. ತೀರಾ ಬಿಗಿಯಾಗಿದ್ದರೆ ಆಯಿಲ್ ಸೋಸುವ ಕಾಗದವೇ ಹರಿಯಬಹುದು. ಕೆಲವು ಎಂಜಿನ್‌ಗಳಲ್ಲಿ ಈ ವಾಲ್ವ್ ಫಿಲ್ಟರ್ ಕೂರುವ ಹೆಡ್‌ನಲ್ಲೇ ಇರುತ್ತದೆ, ಫಿಲ್ಟರ್ ಒಳಗೆ ಇರುವುದಿಲ್ಲ. ಅಂದರೆ ನೋಡಲು ಒಂದೇ ತರಹದ ಎರಡು ಡಬ್ಬಿಗಳಲ್ಲಿ ಒಂದಕ್ಕೆ ವಾಲ್ವ್ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು.

ಇನ್ನೊಂದು, ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್. ಫಿಲ್ಟರ್ ಅಡ್ಡವಾಗಿ ಕೂರುವ ಎಂಜಿನ್‌ಗಳಲ್ಲಿ ಇದು ಚೆನ್ನಾಗಿಲ್ಲದಿದ್ದರೆ ರಾತ್ರಿಯಿಡೀ ಆಯಿಲ್ ಕೆಳಗಿಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಕ್ಷಣ ಕಟಕಟ ಸದ್ದು ಬರುವುದು ಅದಕ್ಕೇ. ಟರ್ಬೊ ಬೇರಿಂಗ್‌ಗೆ ಆ ಕ್ಷಣಗಳೇ ಕಷ್ಟದ ಹೊತ್ತು.

ಆದ್ದರಿಂದ ಪುಸ್ತಕದಲ್ಲಿರುವ ಪಾರ್ಟ್ ನಂಬರನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಆ ನಂಬರ್ ಜೊತೆಗೆ ಚಾಸಿ ನಂಬರನ್ನೂ ಹೇಳಿ. ಒಂದೇ ಹೆಸರಿನ ಮಾಡೆಲ್ ಆದರೂ ಬಿಎಸ್-4 ಮತ್ತು ಬಿಎಸ್-6 (ಹೊಗೆ ನಿಯಮದ ಹಳೇ, ಹೊಸ ಹಂತಗಳು) ಗಾಡಿಯ ಫಿಲ್ಟರ್ ಬೇರೆ ಇರಬಹುದು. ಬಾಕ್ಸಿನ ಮೇಲೆ ಬರೀ ಮೈಕ್ರಾನ್ ಲೆಕ್ಕ (ಎಷ್ಟು ಸಣ್ಣ ಕಣ ಹಿಡಿಯುತ್ತದೆ ಅನ್ನುವ ಅಳತೆ) ದಪ್ಪಕ್ಷರದಲ್ಲಿದ್ದರೆ ಅದಕ್ಕೆ ಮರುಳಾಗಬೇಡಿ. ಆ ಗಾತ್ರದ ಕಣಗಳಲ್ಲಿ ನೂರಕ್ಕೆ ಎಷ್ಟನ್ನು ಹಿಡಿಯುತ್ತದೆ ಅಂತ ಹೇಳದಿದ್ದರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಮಾನ್, ಮಾಹ್ಲೆ, ಫ್ಲೀಟ್‌ಗಾರ್ಡ್, ಡೊನಾಲ್ಡ್‌ಸನ್‌ನಂಥ ಫಿಲ್ಟರ್ ಕಂಪನಿಗಳು ಒಳ್ಳೆಯ ಮಾಲನ್ನೇ ಮಾಡುತ್ತವೆ. ಗಾಡಿ ಕಂಪನಿಗಳಿಗೂ ಇಂಥ ಕಂಪನಿಗಳೇ ಫಿಲ್ಟರ್ ಮಾಡಿಕೊಡುತ್ತವೆ. ಹಾಗಂತ ಎರಡು ಬಾಕ್ಸ್‌ನಲ್ಲೂ ಒಂದೇ ಮಾಲಿದೆ ಅಂದುಕೊಳ್ಳುವ ಹಾಗಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ವಾರಂಟಿ ಮುಗಿಯುವ ತನಕ ಗಾಡಿ ಕಂಪನಿಯ ಬಾಕ್ಸಿನ ಫಿಲ್ಟರನ್ನೇ ಹಾಕಿ. ಆಮೇಲೆ ಬೇಕಾದರೆ ಹೊರಗಿನ ಒಳ್ಳೆಯದಕ್ಕೆ ಹೋಗಿ.

ಡೂಪ್ಲಿಕೇಟ್ ಒಳಗೆ ಹೇಗಿರುತ್ತದೆ?

ಕೋಲಾರದ ಟಮಕದ ಹತ್ತಿರ ನಮ್ಮ ಮೆಕ್ಯಾನಿಕ್ ಭಾಯ್ ಒಂದು ದಿನ ಎರಡು ಹಳೇ ಫಿಲ್ಟರ್‌ಗಳನ್ನು ಹ್ಯಾಕ್ಸಾದಲ್ಲಿ ಕೊಯ್ದು ತೋರಿಸಿದರು. ಎರಡರ ಮೇಲೂ ಒಂದೇ ನಂಬರ್. ಒಂದು ಕಂಪನಿಯದು. ಅದರ ಕಾಗದದ ಮಡಿಕೆಗಳು ಸೀರೆ ನೆರಿಗೆ ಹಿಡಿದ ಹಾಗೆ ಒತ್ತೊತ್ತಾಗಿ, ಸಮನಾಗಿದ್ದವು. ಇನ್ನೊಂದು ಕಡಿಮೆ ಬೆಲೆಗೆ ಸಿಕ್ಕಿದ್ದು. ಅದರ ಮಡಿಕೆಗಳ ಮಧ್ಯೆ ಬೆರಳು ತೂರುತ್ತಿತ್ತು. ಒಂದು ಬದಿ ಗೋಂದು ಬಿಟ್ಟು ಕಾಗದ ಎದ್ದಿತ್ತು. ರಬ್ಬರ್ ವಾಲ್ವನ್ನು ಹೆಬ್ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು.

"ಆಯಿಲ್ ಈ ಸಂದಿಯಲ್ಲೇ ಹೋಗಿದೆ ನೋಡಣ್ಣ. ಕಾಗದ ಮುಟ್ಟೇ ಇಲ್ಲ," ಅಂದರು ಭಾಯ್.

ಇಂಥ ಮಾಲು ಬಾಕ್ಸ್ ನೋಡಿ ಗೊತ್ತಾಗುವುದು ಕಷ್ಟ. ಅಚ್ಚು ಮಸುಕಾಗಿದ್ದರೆ, ಎಂಆರ್‌ಪಿ ಸ್ಟಿಕ್ಕರ್ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಿದ್ದರೆ, ಬಾಕ್ಸಿನ ನಂಬರೂ ಡಬ್ಬಿಯ ನಂಬರೂ ಬೇರೆಯಾಗಿದ್ದರೆ ವಾಪಸ್ ಕೊಟ್ಟುಬಿಡಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದರೂ ಸರಿ, ಊರಲ್ಲೇ ಕೊಂಡರೂ ಸರಿ, ಬಿಲ್ ಕೊಡದ ಅಂಗಡಿಯಲ್ಲಿ ಫಿಲ್ಟರ್ ಕೊಳ್ಳಬೇಡಿ.

ಬಿಲ್ ಅಂದರೆ ಪಕ್ಕಾ ಜಿಎಸ್‌ಟಿ ಬಿಲ್. ನಮ್ಮ ರಾಜ್ಯದ ಅಂಗಡಿಯ ಜಿಎಸ್‌ಟಿ ನಂಬರ್ 29ರಿಂದ ಶುರುವಾಗುತ್ತದೆ, ಒಟ್ಟು 15 ಅಕ್ಷರ. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಮತ್ತು ಗಾಡಿ ನಂಬರ್ ಬರೆಸಿ. ಆಯಿಲಿನದ್ದೂ ಹೀಗೇ, ಅದರ ದರ್ಜೆ ಬಿಲ್ಲಿನಲ್ಲಿರಲಿ. ಬದಲಿಸಿದ ದಿನ ಮೀಟರ್ ಫೋಟೊ ತೆಗೆಯಿರಿ. ಬಾಕ್ಸಿನ ಲೇಬಲ್ ಹರಿದು ಬಿಲ್ಲಿಗೆ ಪಿನ್ ಮಾಡಿಡಿ. ಬಿಲ್ಲಿನ ಅಚ್ಚು ಕೆಲವೇ ತಿಂಗಳಲ್ಲಿ ಮಾಸುವ ಕಾಗದವಾದರೆ ಜೆರಾಕ್ಸ್ ಮಾಡಿಸಿ.

ಹಾಕುವಾಗ

ಹಳೇ ಫಿಲ್ಟರ್ ಬಿಚ್ಚಿದ ಮೇಲೆ ಅದರ ರಬ್ಬರ್ ರಿಂಗ್ ಜೊತೆಗೇ ಬಂತೇ ನೋಡಿ. ಹೆಡ್‌ಗೆ ಅಂಟಿಕೊಂಡು ಉಳಿದು ಅದರ ಮೇಲೆ ಹೊಸದು ಕೂತರೆ ದಾರಿ ಮಧ್ಯೆ ಆಯಿಲೆಲ್ಲ ಚೆಲ್ಲಿಹೋಗುತ್ತದೆ. ಹೊಸ ರಿಂಗಿಗೆ ಶುದ್ಧ ಆಯಿಲ್ ಸವರಿ. ಫಿಲ್ಟರ್‌ಗೆ ಮೊದಲೇ ಆಯಿಲ್ ತುಂಬಿಸಲು ಪುಸ್ತಕ ಹೇಳಿದ್ದರೆ ಸುತ್ತಲಿನ ಸಣ್ಣ ತೂತುಗಳಲ್ಲಿ ಹಾಕಿ. ನಡುವಿನ ದೊಡ್ಡ ತೂತಿಗೆ ಸುರಿದರೆ ಅದು ಸೋಸದೇ ಎಂಜಿನ್‌ಗೆ ಹೋಗುತ್ತದೆ. ರಬ್ಬರ್ ತಗುಲಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟೇ, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಕೈಯಲ್ಲೇ ಬಿಗಿ ಮಾಡಿ. ಸ್ಟಾರ್ಟ್ ಮಾಡಿ ಆಯಿಲ್ ಲೈಟ್ ಆರುವ ತನಕ ರೇಸ್ ಕೊಡಬೇಡಿ. ಲೀಕ್ ನೋಡಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಗೇಜ್ ಕಡ್ಡಿ ಎಳೆದು ಆಯಿಲ್ ಮಟ್ಟ ನೋಡಿ. ಹಳೇ ಆಯಿಲನ್ನು ಚರಂಡಿಗಾಗಲೀ ಕೆರೆ ಬದಿಗಾಗಲೀ ಸುರಿಯಬೇಡಿ.

ವಾರಂಟಿ ಇಲ್ಲ ಅಂದರೆ

ಬಾಯಿ ಮಾತಿಗೆ ವಾಪಸ್ ಬರಬೇಡಿ. ನಾವು ಮಾಡಿದ ಇನ್ನೊಂದು ತಪ್ಪು ಅದೇ. ಯಾವ ಕಾರಣಕ್ಕೆ ಇಲ್ಲ ಅನ್ನುತ್ತಾರೆ, ಫಿಲ್ಟರ್‌ನಿಂದ ಆ ಹಾನಿ ಹೇಗಾಯಿತು ಅಂತ ಬರೆದು ಕೊಡಲು ಕೇಳಿ. ಬಿಚ್ಚಿದ ಫಿಲ್ಟರನ್ನು ಎಸೆಯಲು ಬಿಡದೆ ಕವರ್‌ನಲ್ಲಿ ಕಟ್ಟಿ ಇಟ್ಟುಕೊಳ್ಳಿ. ವ್ಯಾಪಾರಕ್ಕೆ ಕೊಂಡ ವಸ್ತುವಿಗೆ ಗ್ರಾಹಕ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಹೆದರಿಸುವವರಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಕೊಂಡವರಿಗೆ ವಿನಾಯಿತಿ ಇದೆ. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸಿ ಸಂಸಾರ ಸಾಗಿಸುವವರು ಈ ಮಾತನ್ನು ಮುಂದಿಟ್ಟು ಕೇಳಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ನಂಬರ್ 1915. ಫೋನ್ ಮಾಡುವ ಮೊದಲು ಬಿಲ್, ಲೇಬಲ್, ಮೀಟರ್ ಫೋಟೊ ಮೂರನ್ನೂ ಎದುರಿಗೆ ಇಟ್ಟುಕೊಂಡು ಕೂತುಕೊಳ್ಳಿ.