ಪಿಟಿಟಿ ಒತ್ತಿದರೆ ಉಪಗ್ರಹ ಮಾಯ!

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ರಿಪೀಟರ್ (ಹವ್ಯಾಸಿ ರೇಡಿಯೋದವರ ಮಾತು ಹಿಡಿದು ಮತ್ತೆ ಕೆಳಗೆ ಕಳಿಸುವ ಸಾಧನ) ನನಗೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ಪಿಟಿಟಿ, ಅಂದರೆ ಮಾತಾಡಲು ಒತ್ತುವ ಗುಂಡಿ, ಒತ್ತಿದ ಕೂಡಲೇ ರಿಸೀವರ್ ಮೂಕ. ಬಿಟ್ಟರೆ ಮತ್ತೆ ಮಾತು ಶುರು. ನನ್ನ ದನಿ ಮೇಲೆ ಹೋಗಿ ಬಂತೋ ಇಲ್ಲವೋ ತಿಳಿಯುವುದಾದರೂ ಹೇಗೆ?

ಸಿಗ್ನಲ್ ಸಾಲದು ಅಂದುಕೊಂಡು ರಿಸೀವರ್‌ಗೆ ಬರುವ ಸಿಗ್ನಲ್ ಹಿಗ್ಗಿಸುವ ಪ್ರೀಆಂಪ್ ಹಾಕಿದೆ. ದಡ್ಡತನ. ತೊಂದರೆ ಇನ್ನೂ ಜಾಸ್ತಿಯಾಯಿತು.

ಆಮೇಲೆ ಟ್ರಾನ್ಸ್‌ಮಿಟರ್‌ನಿಂದ ಆಂಟೆನಾ ಕಳಚಿ ಡಮ್ಮಿ ಲೋಡ್ (ಪವರನ್ನು ಗಾಳಿಗೆ ಬಿಡದೆ ನುಂಗುವ ಸಾಧನ) ಸಿಕ್ಕಿಸಿ ಪಿಟಿಟಿ ಒತ್ತಿದೆ. ರಿಸೀವರ್‌ಗೆ ಏನೂ ಆಗಲಿಲ್ಲ! ಅಂದರೆ ತಂಟೆ ಬರುತ್ತಿದ್ದುದು ಆಂಟೆನಾದಿಂದಲೇ. ಕಾಗದ ತೆಗೆದು ಲೆಕ್ಕ ಹಾಕಿದೆ. ಅಪ್‌ಲಿಂಕ್ 145.990 ಮೆಗಾಹರ್ಟ್ಸ್ (ನಾನು ಮೇಲೆ ಕಳಿಸುವುದು). ಅದರ ಮೂರು ಪಟ್ಟು 437.970. ಡೌನ್‌ಲಿಂಕ್ 437.800 (ಮೇಲಿಂದ ನನಗೆ ಬರುವುದು). ಪಕ್ಕದ ಮನೆಯೇ ಅಲ್ವಾ! ನನ್ನದೇ ಮೂರನೇ ಹಾರ್ಮೋನಿಕ್, ಅಂದರೆ ಮೂರು ಪಟ್ಟು ಫ್ರೀಕ್ವೆನ್ಸಿಯಲ್ಲಿ ಸೋರುವ ಸಿಗ್ನಲ್, ನನ್ನ ಕಿವಿ ಮುಚ್ಚುತ್ತಿತ್ತು.

ಟ್ರಾನ್ಸ್‌ಮಿಟರ್ ದಾರಿಯಲ್ಲಿ ಕೆಳಗಿನ ಫ್ರೀಕ್ವೆನ್ಸಿ ಮಾತ್ರ ಬಿಡುವ ಲೋ ಪಾಸ್ ಫಿಲ್ಟರ್, ರಿಸೀವರ್ ದಾರಿಯಲ್ಲಿ ಮೇಲಿನದು ಮಾತ್ರ ಬಿಡುವ ಹೈ ಪಾಸ್ ಫಿಲ್ಟರ್ ಹಾಕಿದೆ. ಪ್ರೀಆಂಪ್ ಪೆಟ್ಟಿಗೆಗೆ ಹೋಯಿತು. ಒಂದರ ಸಿಗ್ನಲ್ ಇನ್ನೊಂದಕ್ಕೆ ಕಡಿಮೆ ತಟ್ಟಲೆಂದು ಎರಡು ಯಾಗಿ ಆಂಟೆನಾಗಳ ಕಡ್ಡಿಗಳನ್ನು ಒಂದಕ್ಕೊಂದು ಅಡ್ಡಲಾಗಿ ತಿರುಗಿಸಿದೆ, ಪವರ್ 5 ವಾಟ್‌ಗೆ ಇಳಿಸಿದೆ. ಎಫ್‌ಎಂ ರಿಪೀಟರ್‌ಗೆ ಅಷ್ಟು ಸಾಕು, ಸುಮ್ನೆ ಜೋರು ಮಾಡಿದರೆ ಬೇರೆಯವರ ಮಾತು ಮುಚ್ಚಿಹೋಗುತ್ತದೆ. ರಿಪೀಟರ್ ತೆರೆಯಲು ದನಿಯ ಜೊತೆ ಕಳಿಸುವ 67 ಹರ್ಟ್ಸ್ ಟೋನ್ ಮಾತ್ರ ಮರೆಯಬಾರದು.

ಡಾಪ್ಲರ್‌ಗೆ (ನಿಲ್ದಾಣದ ವೇಗದಿಂದ ಫ್ರೀಕ್ವೆನ್ಸಿ ಸರಿಯುವುದಕ್ಕೆ) ರಿಸೀವರ್‌ನಲ್ಲಿ ಐದು ಮೆಮೊರಿ ಇಟ್ಟಿದ್ದೇನೆ: 437.810ರಿಂದ 437.790ರವರೆಗೆ, 5 ಕಿಲೋಹರ್ಟ್ಸ್ ಅಂತರದಲ್ಲಿ. ನಿಲ್ದಾಣ ಹತ್ತಿರ ಬರುವಾಗ ಮೇಲಿನದು, ದೂರ ಹೋಗುವಾಗ ಕೆಳಗಿನದು.

ನಿಲ್ದಾಣ ಮುಂದಿನ ಸಲ ಆಕಾಶದಲ್ಲಿ ಹಾದುಹೋದಾಗ ಹೆಡ್‌ಫೋನ್‌ನಲ್ಲಿ ನನ್ನದೇ ದನಿ, ಸ್ವಲ್ಪ ಗೊಗ್ಗರು. ಖುಷಿಗೆ ನನ್ನ ರೇಡಿಯೋ ಗುರುತಾದ ಕಾಲ್‌ಸೈನ್ ತೊದಲಿಬಿಟ್ಟೆ.