ಪಿಂಗ್‌ಗೆ ಉತ್ತರವಿತ್ತು, ಪೋರ್ಟ್ ಮುಚ್ಚಿತ್ತು

ಗದಗದಲ್ಲಿ ನಮ್ಮ ಮಾವನವರ ಮುದ್ರಣಾಲಯವಿದೆ. ಲೆಕ್ಕಪತ್ರದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರುವುದು ಅಲ್ಲಿನ ಉಬುಂಟು ಸರ್ವರ್‌ನಲ್ಲಿ. ಹುಬ್ಬಳ್ಳಿಯ ಅಂಗಡಿಯಿಂದ ವಿಪಿಎನ್ (ಇಂಟರ್‌ನೆಟ್ ಮೇಲಿನ ಖಾಸಗಿ ಜಾಲ) ಮೂಲಕ ಅದನ್ನು ಬಳಸಬೇಕಿತ್ತು, ಸಂಪರ್ಕವೇ ಸಿಗಲಿಲ್ಲ. ಪಿಂಗ್‌ಗೆ, ಅಂದರೆ ಜಾಲದಲ್ಲಿ ಯಂತ್ರವನ್ನು ಕೂಗಿ ನೋಡುವ ಆಜ್ಞೆಗೆ, ಉತ್ತರ ಬರುತ್ತಿದ್ದುದರಿಂದ ದೋಷ ಬಿಲ್ಲಿಂಗ್ ತಂತ್ರಾಂಶದ್ದೇ ಎಂದುಕೊಂಡು ಇಡೀ ದಿನ ಅದನ್ನೇ ಜಾಲಾಡಿದೆ. ಪಿಂಗ್ ಹೇಳುವುದು ಯಂತ್ರ ಎಚ್ಚರವಿದೆ ಎಂದಷ್ಟೇ. ಪೋಸ್ಟ್‌ಗ್ರೆಸ್ ಕರೆ ಸ್ವೀಕರಿಸುವ 5432ನೇ ಪೋರ್ಟ್ (ಸಂಖ್ಯೆ ಹಾಕಿದ ಬಾಗಿಲಿನಂಥದ್ದು) ತೆರೆದಿದೆಯೇ ಎಂಬುದು ಬೇರೆಯೇ ಪ್ರಶ್ನೆ.

ಮರುದಿನ, ಪೋರ್ಟ್‌ಗೆ ಸಂಪರ್ಕ ಸಿಗುವುದೇ ಎಂದು ನೋಡಲು ನೆಟ್‌ಕ್ಯಾಟ್ ಎಂಬ ಆಜ್ಞೆಗೆ ಸರ್ವರ್‌ನ ವಿಳಾಸ, ಪೋರ್ಟ್ ಸಂಖ್ಯೆ ಕೊಟ್ಟು ಎಂಟರ್ ಒತ್ತಿದೆ. ಕರ್ಸರ್ ಸುಮ್ಮನೆ ಮಿನುಗುತ್ತಿತ್ತು. ಬಹಳ ಹೊತ್ತಿನ ಮೇಲೆ 'ಟೈಮ್ಡ್ ಔಟ್' ಎಂದು ಬಂತು. ಸರ್ವರ್‌ನ ಕಾವಲುಗಾರನಾದ ಫೈರ್‌ವಾಲ್ ಸದ್ದಿಲ್ಲದೆ ಪ್ಯಾಕೆಟ್‌ಗಳನ್ನು (ದತ್ತಾಂಶದ ತುಣುಕುಗಳನ್ನು) ನುಂಗುವಾಗ ಹೀಗೇ ಆಗುತ್ತದೆ. ಮಾವನವರಿಗೆ ಫೋನಿನಲ್ಲಿ ಅಕ್ಷರ ಅಕ್ಷರವಾಗಿ ಹೇಳಿ, ವಿಪಿಎನ್ ವಿಳಾಸಗಳಿಗೆ ಮಾತ್ರ ಆ ಪೋರ್ಟ್ ಬಿಡುವ ನಿಯಮವನ್ನು ಟೈಪ್ ಮಾಡಿಸಿದೆ. ಇಡೀ ಇಂಟರ್‌ನೆಟ್‌ಗೆ ಡೇಟಾಬೇಸ್ ತೆರೆದಿಡುವುದು ಎಂದಿಗೂ ಬೇಡ.

ಮತ್ತೆ ಪರೀಕ್ಷಿಸಿದೆ. ಈ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ 'ಕನೆಕ್ಷನ್ ರೆಫ್ಯೂಸ್ಡ್'! ನನಗೆ ನಿಜಕ್ಕೂ ಸಂತೋಷವಾಯಿತು. ಕರೆ ಗದಗ ಮುಟ್ಟಿದೆ, ಆ ಪೋರ್ಟಿನಲ್ಲಿ ಓಗೊಡುವವರಿಲ್ಲ ಎಂದು ಅದರ ಅರ್ಥ.

ಯಾವ ಪೋರ್ಟಿನಲ್ಲಿ ಯಾರು ಕಿವಿಗೊಟ್ಟಿದ್ದಾರೆಂದು ತೋರಿಸುವ ಎಸ್‌ಎಸ್ ಆಜ್ಞೆಯನ್ನು ಸರ್ವರ್‌ನಲ್ಲಿ ಕೊಡಿಸಿದಾಗ ಕಂಡದ್ದು 127.0.0.1:5432. ಪೋಸ್ಟ್‌ಗ್ರೆಸ್ ಮೊದಲಿನಿಂದಲೂ ತನ್ನದೇ ಯಂತ್ರದ ಕರೆಗಷ್ಟೇ ಕಿವಿಗೊಟ್ಟಿತ್ತು. ಪೋಸ್ಟ್‌ಗ್ರೆಸ್‌ನ ಸೆಟ್ಟಿಂಗ್‌ಗಳಲ್ಲಿ 'ಲಿಸನ್ ಅಡ್ರೆಸಸ್' ಸಾಲಿಗೆ ಸರ್ವರ್‌ನ ವಿಪಿಎನ್ ವಿಳಾಸ ಸೇರಿಸಿ, 'ಪಿಜಿ ಎಚ್‌ಬಿಎ' ಕಡತದಲ್ಲಿ ಅಂಗಡಿಗೆ ಅನುಮತಿ ಬರೆಸಿದೆ. 'ಲಿಸನ್ ಅಡ್ರೆಸಸ್' ಬದಲಾವಣೆಗೆ ರೀಲೋಡ್ (ಸೆಟ್ಟಿಂಗ್‌ಗಳನ್ನು ಮತ್ತೆ ಓದಿಸುವುದು) ಸಾಲದು, ರೀಸ್ಟಾರ್ಟ್ ಬೇಕು. ಅದನ್ನೂ ಮಾಡಿಸಿದ ಮೇಲೆ ನೆಟ್‌ಕ್ಯಾಟ್ 'ಸಕ್ಸೀಡೆಡ್' ಎಂದಿತು. ಸ್ವಲ್ಪ ಹೊತ್ತಿಗೆ ಮಾವನವರ ಫೋನ್: "ನಿಮ್ಮ ಬಿಲ್ ಇಲ್ಲಿ ಕಾಣುತ್ತಿದೆ, ನೋಡಿ."